ಹಳೆ ಜಿಪ್ಸಿಗೆ ಎಂಪಿಎಫ್‌ಐ ಎಂಜಿನ್: ಪೆಟ್ರೋಲ್ ಪಂಪು ಯಾವುದು, ಎಲ್ಲಿ ಕೂರಿಸಬೇಕು?

ಪ್ರಶ್ನೆ: ನನ್ನ ಹತ್ತಿರ 1997ರ ಮಾರುತಿ ಜಿಪ್ಸಿ ಕಿಂಗ್ ಇದೆ, ಕಾರ್ಬುರೇಟರ್ ಗಾಡಿ. ಸಕಲೇಶಪುರದ ಕಡೆ ತೋಟ, ದಿನಾ ಏರು ಇಳಿಜಾರಿನ ಓಡಾಟ. ಈಗ ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ) ಜಿಪ್ಸಿಯ 1.3 ಲೀಟರ್, 16 ವಾಲ್ವಿನ ಎಂಜಿನ್ ಸಿಕ್ಕಿದೆ. ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್), ವೈರಿಂಗ್ ಎಲ್ಲ ಇದೆ. ಪಂಪು, ಟ್ಯಾಂಕು ಬಂದಿಲ್ಲ. ಗ್ಯಾರೇಜಿನವರು ಚಾಸಿಗೆ ಹೊರಗಡೆಯಿಂದ ಗಂಟೆಗೆ 255 ಲೀಟರಿನ ಇನ್‌ಲೈನ್ ಪಂಪು (ಪೈಪಿನ ನಡುವೆ ಕೂರುವುದು) ಹಾಕೋಣ ಅಂತಾರೆ. ಸ್ನೇಹಿತರೊಬ್ಬರು ಸರ್ಜ್ ಟ್ಯಾಂಕ್ (ನಡುವೆ ಪೆಟ್ರೋಲ್ ದಾಸ್ತಾನು ಇಡುವ ಸಣ್ಣ ಡಬ್ಬಿ) ಬೇಕೇ ಬೇಕು ಅಂತಾರೆ. ಟ್ಯಾಂಕಿನ ಒಳಗೆ ಪಂಪು ಇಡಬಹುದಾ? ಪೆಟ್ರೋಲ್ ಒಳಗೆ ಕರೆಂಟು ಅಂದರೆ ನನಗೆ ಭಯ.

ಉತ್ತರ: ನಿಮ್ಮ ಗಾಡಿಗೆ ಟ್ಯಾಂಕಿನ ಒಳಗಿನ ಪಂಪೇ ಸರಿ. ಎಂಪಿಎಫ್‌ಐ ಜಿಪ್ಸಿಯ ಟ್ಯಾಂಕನ್ನು ಪಂಪಿನ ಸಮೇತ ಹುಡುಕಿ ಹಾಕಿಸಿ. 255 ಲೀಟರಿನ ಪಂಪು ಬೇಡ. ಸರ್ಜ್ ಟ್ಯಾಂಕ್ ಕೆಲವು ಗಾಡಿಗಳಿಗೆ ಬೇಕಾಗುತ್ತದೆ, ನಿಮ್ಮದಕ್ಕೆ ಬೇಕಿಲ್ಲ. ಯಾಕೆ ಅಂತ ವಿವರವಾಗಿ ಹೇಳುತ್ತೇನೆ. ಯಾಕೆಂದರೆ ಮೂರಕ್ಕೂ ಪರ ವಿರೋಧ ಮಾತಾಡುವವರು ಸಿಗುತ್ತಾರೆ, ಕೊನೆಗೆ ದುಡ್ಡು ಕೊಡುವವರು ನೀವು.

ಮೊದಲು ಕಾರ್ಬುರೇಟರ್ ಹೇಗೆ ಬದುಕುತ್ತಿತ್ತು ನೋಡೋಣ. ಎಂಜಿನ್ ಮೇಲಿರುವ ಯಾಂತ್ರಿಕ ಪಂಪು ಕೊಡುವ ಒತ್ತಡ ತೀರಾ ಕಡಿಮೆ, 0.2ರಿಂದ 0.4 ಬಾರ್ ಅಷ್ಟೇ (ಒಂದು ಬಾರ್ ಅಂದರೆ ಹೆಚ್ಚುಕಡಿಮೆ ಸಮುದ್ರಮಟ್ಟದ ಗಾಳಿಯ ಒತ್ತಡ). ಆ ಪಂಪಿನ ಕೆಲಸ ಕಾರ್ಬುರೇಟರಿನ ಫ್ಲೋಟ್ ಚೇಂಬರ್ ತುಂಬಿಸುವುದು. ಎಂಜಿನ್ ಕುಡಿಯುವುದು ಆ ಚೇಂಬರಿನಿಂದ. ಏರಿನಲ್ಲಿ ಟ್ಯಾಂಕಿನ ಪೆಟ್ರೋಲ್ ಹಿಂದಕ್ಕೆ ಸರಿದು ಪಂಪು ಒಂದೆರಡು ಸೆಕೆಂಡು ಗಾಳಿ ಎಳೆದರೂ ನಿಮಗೆ ಗೊತ್ತೇ ಆಗುವುದಿಲ್ಲ. ಚೇಂಬರಿನಲ್ಲಿ ಇರುವುದರಲ್ಲೇ ಎಂಜಿನ್ ಓಡುತ್ತಿರುತ್ತದೆ, ಅಷ್ಟರಲ್ಲಿ ಪಂಪು ಮತ್ತೆ ಹಿಡಿದುಕೊಳ್ಳುತ್ತದೆ.

ಇಂಜೆಕ್ಷನ್‌ನಲ್ಲಿ ಈ ದಾಸ್ತಾನು ಇಲ್ಲ. ಇಂಜೆಕ್ಟರುಗಳು ಕೂತಿರುವ ಪೈಪಿನಲ್ಲಿ, ಅಂದರೆ ರೈಲಿನಲ್ಲಿ, ಸುಮಾರು 3 ಬಾರ್ ಒತ್ತಡ ಸದಾ ಇರಬೇಕು. ಇಂಜೆಕ್ಟರ್ ಎಷ್ಟು ಮಿಲಿಸೆಕೆಂಡು ತೆರೆದಿರಬೇಕು ಅನ್ನೋದನ್ನು ಇಸಿಯು ಆ ಒತ್ತಡವನ್ನು ನಂಬಿಕೊಂಡೇ ಲೆಕ್ಕ ಹಾಕುತ್ತದೆ. ಪಂಪು ಒಂದು ಗುಟುಕು ಗಾಳಿ ಎಳೆದರೂ ಒತ್ತಡ ಕುಸಿಯುತ್ತದೆ, ಪೆಟ್ರೋಲ್ ಕಡಿಮೆ ಬೀಳುತ್ತದೆ, ಎಂಜಿನ್ ಮುಗ್ಗರಿಸುತ್ತದೆ. ಅದೂ ಎಲ್ಲಿ? ತುಂಬಿದ ಗಾಡಿ ಫಸ್ಟ್ ಗೇರಿನಲ್ಲಿ ತೋಟದ ಏರು ಹತ್ತುವಾಗ. ಲೋಡ್ ಇದ್ದಾಗ ಮಿಶ್ರಣ ತೆಳುವಾದರೆ ಎಂಜಿನ್ ನಾಕ್ ಹೊಡೆಯುತ್ತದೆ (ಟಕಟಕ ಸದ್ದು ಮಾಡುತ್ತದೆ), ಪಿಸ್ಟನ್‌ಗೂ ಒಳ್ಳೆಯದಲ್ಲ.

ಹಾಗಾಗಿ ಪಂಪು ಆರಿಸುವಾಗ ಮೊದಲು ಕೇಳಬೇಕಾದ್ದು ‘ಎಷ್ಟು ಲೀಟರಿನದು’ ಅಂತ ಅಲ್ಲ. ಟ್ಯಾಂಕು ಕಾಲು ಭಾಗ ಇದ್ದಾಗ, ಗಾಡಿ ವಾಲಿದಾಗ, ಬಿಸಿಲಲ್ಲಿ ಕಾದಾಗ ಪಂಪಿನ ಬಾಯಿಗೆ ಪೆಟ್ರೋಲ್ ತಪ್ಪದೆ ಸಿಗುತ್ತದಾ? ಇದಕ್ಕೆ ಉತ್ತರ ಸಿಕ್ಕರೆ ಉಳಿದದ್ದೆಲ್ಲ ಸುಲಭ.

ಈಗ ಲೀಟರಿನ ಲೆಕ್ಕ. ನಿಮ್ಮ ಹೊಸ ಎಂಜಿನ್ 80 ಬಿಎಚ್‌ಪಿ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಪೆಟ್ರೋಲ್ ಎಂಜಿನ್ ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು 225 ಗ್ರಾಂ ಪೆಟ್ರೋಲ್ ಸುಡುತ್ತದೆ ಅಂತ ಹಿಡಿಯಬಹುದು. 80ಕ್ಕೆ 18 ಕೆಜಿ. ಲೀಟರಿಗೆ 740 ಗ್ರಾಂ ಅಂದುಕೊಂಡರೆ ಗಂಟೆಗೆ 24 ಲೀಟರ್ ಚಿಲ್ಲರೆ ಆಯಿತು. ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ನೂರಕ್ಕೆ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಅದನ್ನು ಬಿಡುಗಡೆ ಮಾಡಿದ್ದು. ಎಥನಾಲಿನಲ್ಲಿ ಶಕ್ತಿ ಕಡಿಮೆ ಇರುವುದರಿಂದ ಅದೇ ಕೆಲಸಕ್ಕೆ ನೂರಕ್ಕೆ ಆರೇಳರಷ್ಟು ಜಾಸ್ತಿ ಬೇಕು. 26 ಲೀಟರ್ ಅನ್ನಿ. ಪಂಪು ಹಳತಾಗುತ್ತದೆ, ಫಿಲ್ಟರ್ ಕಟ್ಟುತ್ತದೆ, ವೋಲ್ಟೇಜ್ ಇಳಿಯುತ್ತದೆ ಅಂತ ಇನ್ನೊಂದು 30 ಶೇಕಡಾ ಸೇರಿಸಿ. ಒಟ್ಟು 34, 35 ಲೀಟರ್.

ಅಷ್ಟೇ! 3 ಬಾರ್ ಒತ್ತಡದಲ್ಲಿ, 12 ವೋಲ್ಟಿನಲ್ಲಿ, ಗಂಟೆಗೆ 35 ಲೀಟರ್ ಕೊಡುವ ಪಂಪು ಸಾಕು. ಸಣ್ಣ ಕಾರುಗಳ ಕಂಪನಿ ಪಂಪುಗಳು ಸಾಮಾನ್ಯವಾಗಿ ಇದರ ಎರಡರಷ್ಟು ಕೊಡುತ್ತವೆ.

255 ಲೀಟರಿನದು ಹಾಕಿದರೆ ಏನು ನಷ್ಟ, ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ವಾ ಅಂತ ಕೇಳಬಹುದು. ಐಡ್ಲಿಂಗ್‌ನಲ್ಲಿ ನಿಮ್ಮ ಎಂಜಿನ್ ಗಂಟೆಗೆ ಒಂದು ಲೀಟರ್ ಆಸುಪಾಸು ಕುಡಿಯುತ್ತದೆ. ಉಳಿದದ್ದೆಲ್ಲ ಬಿಸಿ ಎಂಜಿನ್ ಪಕ್ಕದ ರೈಲು ಸುತ್ತಿ ಟ್ಯಾಂಕಿಗೆ ವಾಪಸ್. ಜಿಪ್ಸಿ ಟ್ಯಾಂಕು 40 ಲೀಟರಿನದು. ಅಂದರೆ ಟ್ಯಾಂಕು ಭರ್ತಿ ಇದ್ದಾಗಲೂ ಹತ್ತು ನಿಮಿಷದೊಳಗೆ ಅಷ್ಟೂ ಪೆಟ್ರೋಲ್ ಒಂದು ಸುತ್ತು ಹೊಡೆದು ಬರುತ್ತದೆ. ಹತ್ತು ಲೀಟರ್ ಉಳಿದಿದ್ದರೆ ಎರಡೂವರೆ ನಿಮಿಷ. ಜೊತೆಗೆ ಅಂಥ ಪಂಪು ಎಂಟು ಆಂಪಿಯರ್ ಹತ್ತಿರ ಎಳೆಯುತ್ತದೆ, ಅಂದರೆ ಸುಮಾರು ನೂರು ವ್ಯಾಟ್. ಅದೂ ಕೊನೆಗೆ ಪೆಟ್ರೋಲಿಗೇ ಶಾಖವಾಗಿ ಸೇರುತ್ತದೆ. ಏಪ್ರಿಲ್ ಮಧ್ಯಾಹ್ನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ಟ್ಯಾಂಕಿನ ಪೆಟ್ರೋಲ್ ಕೈ ಸುಡುವಷ್ಟು ಬಿಸಿ. ಇನ್ನೊಂದು ಸಮಸ್ಯೆ ವಾಪಸ್ ಪೈಪಿನದು. ಅದು ಸಪೂರ ಇದ್ದರೆ ಅಷ್ಟೊಂದು ಪೆಟ್ರೋಲ್ ಹೋಗಲು ಜಾಗ ಸಾಲದೆ ರೈಲಿನ ಒತ್ತಡವೇ ಏರುತ್ತದೆ. ಗಾಡಿ ಕಪ್ಪು ಹೊಗೆ ಬಿಡುತ್ತದೆ, ಮೈಲೇಜ್ ಬೀಳುತ್ತದೆ, ಜನ ಇಂಜೆಕ್ಟರ್ ಬದಲಿಸುತ್ತಾ ಕೂರುತ್ತಾರೆ.

ಬಿಸಿಯ ಮಾತು ಬಂತು, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇನ್‌ಲೈನ್ ಪಂಪಿನ ಗುಟ್ಟೆಲ್ಲ ಅಲ್ಲಿದೆ.

ಎಲೆಕ್ಟ್ರಿಕ್ ಇಂಜೆಕ್ಷನ್ ಪಂಪು ತಳ್ಳುವುದರಲ್ಲಿ ಗಟ್ಟಿ, ಎಳೆಯುವುದರಲ್ಲಿ ಸೋಮಾರಿ. ಎಳೆಯುವಾಗ ಪಂಪಿನ ಬಾಯಿಯ ಹತ್ತಿರ ಒತ್ತಡ ಇಳಿಯುತ್ತದೆ. ಒತ್ತಡ ಇಳಿದಾಗ ಪೆಟ್ರೋಲ್ ಕುದಿಯುವುದು ಸುಲಭ. ನಮ್ಮಲ್ಲಿ ಸಿಗುವ ಪೆಟ್ರೋಲಿಗೆ 38 ಡಿಗ್ರಿಯಲ್ಲಿ ಆವಿಯ ಒತ್ತಡ ಸುಮಾರು 0.6 ಬಾರ್ ತನಕ ಇರಬಹುದು. ನಿಮ್ಮ ಊರು ಸಮುದ್ರಮಟ್ಟದಿಂದ ಸಾವಿರ ಮೀಟರಿನ ಹತ್ತಿರ ಇದೆ, ಅಲ್ಲಿ ಗಾಳಿಯ ಒತ್ತಡ ಸುಮಾರು 0.9 ಬಾರ್. ಎರಡರ ನಡುವೆ ಉಳಿಯುವುದು 0.3 ಬಾರ್. ಸಪೂರ ಪೈಪು, ಅರ್ಧ ಕಟ್ಟಿದ ಫಿಲ್ಟರ್, ಎರಡು ಮೊಣಕೈ ತಿರುವು ಇದ್ದರೆ ಅದನ್ನು ತಿಂದುಹಾಕುವುದು ಏನೂ ಕಷ್ಟವಲ್ಲ. ಪಂಪಿನೊಳಗೆ ಗುಳ್ಳೆ ಏಳುತ್ತದೆ, ಪಂಪು ಕರಕರ ಸದ್ದು ಮಾಡುತ್ತದೆ, ಒತ್ತಡ ಬೀಳುತ್ತದೆ. ಮೆಕ್ಯಾನಿಕ್‌ಗಳು ಏರ್ ಲಾಕ್ ಅನ್ನುವುದು ಇದನ್ನೇ. ತಣ್ಣಗಾದ ಮೇಲೆ ಗಾಡಿ ಏನೂ ಆಗದವರಂತೆ ಸ್ಟಾರ್ಟ್ ಆಗುತ್ತದೆ.

ಇನ್‌ಲೈನ್ ಪಂಪು ಹೊರಗೆ ಹಾಕಲೇಬೇಕಾದರೆ ಅದು ಟ್ಯಾಂಕಿನ ತಳಕ್ಕಿಂತ ಕೆಳಗೆ, ಟ್ಯಾಂಕಿನ ಪಕ್ಕದಲ್ಲೇ ಇರಬೇಕು. ಪೆಟ್ರೋಲ್ ತನ್ನ ಪಾಡಿಗೆ ಇಳಿದು ಬಂದು ಪಂಪಿನ ಬಾಯಿ ತುಂಬಬೇಕು. ಟ್ಯಾಂಕಿನಿಂದ ಪಂಪಿಗೆ ಬರುವ ಪೈಪು 10ರಿಂದ 12 ಮಿಲಿಮೀಟರ್ ಒಳ ಅಗಲದ್ದಾಗಿರಬೇಕು. ಪಂಪಿಗೆ ಮುಂಚೆ ಹಾಕುವ ಜಾಲರಿ ದೊಡ್ಡ ಕಣ್ಣಿನದು, 100 ಮೈಕ್ರಾನ್. ಸಣ್ಣ ಕಣ್ಣಿನ 10 ಮೈಕ್ರಾನ್ ಫಿಲ್ಟರ್ ಪಂಪಿನ ನಂತರ. ಬಹಳ ಕಡೆ ಇದನ್ನು ಉಲ್ಟಾ ಮಾಡಿರುತ್ತಾರೆ, ಪಂಪು ಕಾಪಾಡಬೇಕು ಅನ್ನುವ ಒಳ್ಳೇ ಉದ್ದೇಶದಿಂದಲೇ. ಹಾಗೆ ಮಾಡಿದರೆ ಪಂಪಿನ ಕತ್ತು ಹಿಸುಕಿದಂತೆ.

ಕಾರ್ಬುರೇಟರ್ ಕಾಲದ ಬಹಳಷ್ಟು ಟ್ಯಾಂಕುಗಳಲ್ಲಿ ಪೆಟ್ರೋಲ್ ಎಳೆಯುವ ಕೊಳವೆ ಮೇಲಿನಿಂದ ಇಳಿಬಿಟ್ಟಿರುತ್ತದೆ. ಅದೂ ಸಪೂರ. ಅದಕ್ಕೆ ಇನ್‌ಲೈನ್ ಪಂಪು ಕಟ್ಟಿದರೆ ಪಂಪು ಮೊದಲು ಮೇಲಕ್ಕೆ ಎಳೆದು ಆಮೇಲೆ ಕೆಳಗಿಳಿಸಬೇಕು. ಟ್ಯಾಂಕಿನ ಒಳಗೆ, ಎಳೆಯುವ ಬಾಯಿಯ ಸುತ್ತ ಪೆಟ್ರೋಲ್ ಹಿಡಿದಿಡುವ ಬಕೆಟ್ ಕೂಡ ಇರುವುದಿಲ್ಲ. ನಿಮ್ಮ ಗ್ಯಾರೇಜಿನವರು ಹೇಳುತ್ತಿರುವುದು ಇಂಥ ಜೋಡಣೆ ಅಂತ ಕಾಣುತ್ತದೆ. ಬೆಂಗಳೂರಿನ ರಸ್ತೆಯಲ್ಲಿ, ಟ್ಯಾಂಕು ಸದಾ ಅರ್ಧದ ಮೇಲಿದ್ದರೆ ಓಡಬಹುದು. ನಿಮ್ಮ ಕಡೆಯ ಏರಿಗೆ, ಹಳ್ಳ ದಾಟುವ ದಾರಿಗೆ ಆಗುವುದಿಲ್ಲ. ಮಳೆಗಾಲದಲ್ಲಿ ಚಾಸಿ ಕೆಳಗೆ ನೇತಾಡುವ ಪಂಪಿನ ಟರ್ಮಿನಲ್ಲಿಗೆ ಕೆಸರು ಮೆತ್ತಿಕೊಂಡರೆ ತುಕ್ಕು ಗ್ಯಾರಂಟಿ.

ಸರ್ಜ್ ಟ್ಯಾಂಕ್ ಒಳ್ಳೆಯ ವ್ಯವಸ್ಥೆಯೇ. ಒಂದೆರಡು ಲೀಟರಿನ ಸಣ್ಣ ಡಬ್ಬಿ. ಕಡಿಮೆ ಒತ್ತಡದ ಒಂದು ಪಂಪು ಮುಖ್ಯ ಟ್ಯಾಂಕಿನಿಂದ ಎಳೆದು ಇದನ್ನು ಸದಾ ತುಂಬಿಸುತ್ತಿರುತ್ತದೆ. ಡಬ್ಬಿಯ ತಳದಿಂದ ಹೈ ಪ್ರೆಶರ್ ಪಂಪು ರೈಲಿಗೆ ಕೊಡುತ್ತದೆ. ರೈಲಿನಿಂದ ವಾಪಸ್ ಬಂದದ್ದು ಮತ್ತೆ ಡಬ್ಬಿಗೆ, ಡಬ್ಬಿ ತುಂಬಿ ಮಿಕ್ಕಿದ್ದು ಅದರ ನೆತ್ತಿಯಿಂದ ಟ್ಯಾಂಕಿಗೆ. ಗಾಳಿ ಬಂದರೂ ಮೇಲೆ ಹೋಗುತ್ತದೆ, ತಳದಲ್ಲಿ ಪೆಟ್ರೋಲ್ ಇದ್ದೇ ಇರುತ್ತದೆ. ಕಾರ್ಬುರೇಟರಿನ ಫ್ಲೋಟ್ ಚೇಂಬರ್ ಮಾಡುತ್ತಿದ್ದ ಕೆಲಸವನ್ನೇ ಇದು ಮಾಡುತ್ತದೆ.

ಪ್ರೀಮಿಯರ್ ಪದ್ಮಿನಿ, ಹಳೆ ಅಂಬಾಸಿಡರ್ ಇಟ್ಟುಕೊಂಡು ಮೂಲ ಎಂಜಿನ್‌ಗೇ ಇಂಜೆಕ್ಷನ್ ಹಾಕುವವರಿಗೆ ನಾನು ಇದನ್ನೇ ಹೇಳುತ್ತೇನೆ. ಅವರಿಗೆ ಮೂಲ ಟ್ಯಾಂಕು ಕೊಯ್ಯಲು ಮನಸ್ಸಿರುವುದಿಲ್ಲ, ಕೊಯ್ಯಲೂಬಾರದು. ಎಂಜಿನ್ ಮೇಲಿನ ಯಾಂತ್ರಿಕ ಪಂಪು ಇದ್ದಲ್ಲೇ ಇದ್ದು ಡಬ್ಬಿ ತುಂಬಿಸುತ್ತದೆ, ಹೊಸದಾಗಿ ಬರುವುದು ಒಂದೇ ಪಂಪು. ಆದರೆ ನಿಮ್ಮ 16 ವಾಲ್ವ್ ಎಂಜಿನ್ ಹುಟ್ಟಿನಿಂದಲೇ ಎಂಪಿಎಫ್‌ಐ. ಅದರಲ್ಲಿ ಯಾಂತ್ರಿಕ ಪಂಪಿಗೆ ಜಾಗ ಇಲ್ಲ. ಹಾಗಾಗಿ ನಿಮಗೆ ಎರಡು ಎಲೆಕ್ಟ್ರಿಕ್ ಪಂಪು, ಎರಡು ರಿಲೇ (ಕರೆಂಟಿನಿಂದಲೇ ಆಡುವ ಸ್ವಿಚ್), ಎಂಟು ಹತ್ತು ಪೈಪ್ ಜಾಯಿಂಟು. ಒಂದೊಂದು ಜಾಯಿಂಟೂ ಮುಂದೊಂದು ದಿನ ಸೋರುವ ಜಾಗ. ಡಬ್ಬಿಯನ್ನು ಎಂಜಿನ್ ರೂಮಿನಲ್ಲಿ ಇಟ್ಟರೆ ಬಿಸಿ, ಹಿಂದೆ ಇಟ್ಟರೆ ಸಾಮಾನಿನ ಜಾಗ ಹೋಯಿತು. ನಿಮ್ಮ ಸ್ನೇಹಿತರು ಹೇಳಿದ್ದು ತಪ್ಪಲ್ಲ. ಕಂಪನಿಯೇ ಇದಕ್ಕಿಂತ ಸರಳವಾಗಿ ಪರಿಹರಿಸಿದ ಸಮಸ್ಯೆಗೆ ನೀವು ಯಾಕೆ ಸುತ್ತಿ ಬಳಸಿ ಹೋಗಬೇಕು, ಅಷ್ಟೇ ನನ್ನ ಮಾತು.

ಈಗ ನಿಮ್ಮ ಭಯದ ವಿಷಯ. ಟ್ಯಾಂಕಿನ ಒಳಗಿನ ಪಂಪಿನಲ್ಲಿ ಮೋಟಾರಿನ ಬ್ರಷ್ಷು, ಕಮ್ಯುಟೇಟರ್ ಎಲ್ಲ ಪೆಟ್ರೋಲಿನಲ್ಲೇ ಮುಳುಗಿರುತ್ತವೆ. ಪೆಟ್ರೋಲ್ ಮೋಟಾರಿನ ಮೂಲಕವೇ ಹಾದು ಮೇಲೆ ಬರುತ್ತದೆ. ಅಲ್ಲಿ ಗಾಳಿ ಇಲ್ಲ, ಆದ್ದರಿಂದ ಕಿಡಿಯಾದರೂ ಹೊತ್ತಿಕೊಳ್ಳಲು ಆಗುವುದಿಲ್ಲ. ಪೆಟ್ರೋಲ್ ಆವಿ ಹೊತ್ತಿಕೊಳ್ಳಬೇಕಾದರೆ ಗಾಳಿಯಲ್ಲಿ ಅದು ಶೇಕಡಾ ಒಂದೂವರೆಯಿಂದ ಏಳೂವರೆಯ ನಡುವೆ ಇರಬೇಕು. ಟ್ಯಾಂಕಿನಲ್ಲಿ ಪೆಟ್ರೋಲ್ ಮೇಲಿನ ಜಾಗದಲ್ಲಿ ಆವಿ ಸಾಮಾನ್ಯವಾಗಿ ಇದಕ್ಕಿಂತ ತುಂಬಾ ದಟ್ಟ. ಇವತ್ತು ರಸ್ತೆ ಮೇಲಿರುವ ಹೆಚ್ಚುಕಡಿಮೆ ಪ್ರತಿ ಪೆಟ್ರೋಲ್ ಕಾರಿನಲ್ಲೂ ಪಂಪು ಇರುವುದು ಟ್ಯಾಂಕಿನೊಳಗೇ. ಪೆಟ್ರೋಲೇ ಪಂಪನ್ನು ತಣ್ಣಗಿಡುತ್ತದೆ, ಸದ್ದು ಕೇಳಿಸುವುದಿಲ್ಲ, ಪಂಪು ಎಳೆಯುವ ಪ್ರಶ್ನೆಯೇ ಇಲ್ಲ. ಸುತ್ತ ಬಕೆಟ್ ಇದ್ದರೆ ಗಾಡಿ ವಾಲಿದರೂ ಪೆಟ್ರೋಲ್ ಅಲ್ಲೇ ನಿಲ್ಲುತ್ತದೆ.

ಭಯ ಪಡಬೇಕಾದ ಜಾಗ ಬೇರೆ ಇದೆ. ಒಂದು, ಪಂಪಿನ ವೈರನ್ನು ಟ್ಯಾಂಕಿನೊಳಗೆ ತಿರುಚಿ ಟೇಪು ಸುತ್ತುವುದು. ಟೇಪಿನ ಅಂಟು ಪೆಟ್ರೋಲಿನಲ್ಲಿ ಕರಗಿ ಹೋಗುತ್ತದೆ, ವೈರು ಬಿಚ್ಚಿಕೊಳ್ಳುತ್ತದೆ. ಕಂಪನಿಯ ಕನೆಕ್ಟರ್ ಬಿಟ್ಟು ಬೇರೇನೂ ಒಳಗೆ ಬೇಡ. ಇನ್ನೊಂದು, ಹಳೆ ಟ್ಯಾಂಕಿಗೆ ತೂತು ಕೊಯ್ದು ವೆಲ್ಡಿಂಗ್ ಮಾಡುವುದು. ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯ. ತಳದಲ್ಲಿ ಉಳಿದ ಒಂದೆರಡು ಚಮಚ ಪೆಟ್ರೋಲಿನ ಆವಿಗೆ ಈಗ ಗಾಳಿ ಸೇರಿರುತ್ತದೆ. ಸುಮ್ನೆ ನೀರು ಹಾಕಿ ತೊಳೆದು ವೆಲ್ಡಿಂಗ್ ಟಾರ್ಚ್ ಹಿಡಿಯುವವರು ಇದ್ದಾರೆ, ದಯವಿಟ್ಟು ಅವರ ಕೈಗೆ ಕೊಡಬೇಡಿ. ಎಂಪಿಎಫ್‌ಐ ಟ್ಯಾಂಕನ್ನೇ ತನ್ನಿ ಅಂತ ಇಷ್ಟು ಒತ್ತಿ ಹೇಳಲು ಇದೂ ಒಂದು ಕಾರಣ.

ಜಿಪ್ಸಿಗೆ 2000ದಲ್ಲಿ ಎಂಪಿಎಫ್‌ಐ ಬಂತು. ಗುಜರಿಯಲ್ಲಿ ಆ ಗಾಡಿಗಳ ಭಾಗಗಳು ಸಿಗುತ್ತವೆ, ಬೆಂಗಳೂರಿನ ಶಿವಾಜಿನಗರದ ಕಡೆ ವಿಚಾರಿಸಿ. ಟ್ಯಾಂಕು ಗುಜರಿಯದು ಪರವಾಗಿಲ್ಲ, ಒಳಗೆ ಟಾರ್ಚ್ ಬಿಟ್ಟು ತುಕ್ಕು ನೋಡಿ. ನಿಮ್ಮ ಚಾಸಿಯ ಬೋಲ್ಟ್ ತೂತುಗಳಿಗೆ ಅಳತೆ ತಾಳೆಯಾಗುತ್ತದಾ ಅಂತ ದುಡ್ಡು ಕೊಡುವ ಮೊದಲೇ ನೋಡಿಕೊಳ್ಳಿ. ಪಂಪು ಮಾತ್ರ ಹೊಸದೇ ತಗೊಳ್ಳಿ. ಜೊತೆಗೆ ಅದರ ಕೆಳಗಿನ ಜಾಲರಿ, ಮೇಲಿನ ರಬ್ಬರ್ ಸೀಲ್ ಕೂಡ ಹೊಸದು.

ಪಂಪು ಕೊಳ್ಳುವ ಮೊದಲು ಎಂಜಿನ್ ಹತ್ತಿರ ಹೋಗಿ ಇಂಜೆಕ್ಟರ್ ರೈಲನ್ನು ಸರಿಯಾಗಿ ನೋಡಿ. ರೈಲಿನ ಒಂದು ತುದಿಯಲ್ಲಿ ದೊಡ್ಡ ಗುಂಡಿಯಷ್ಟು ಅಗಲದ ದುಂಡನೆಯ ಲೋಹದ ಭಾಗ ಇದೆಯಾ? ಅದರ ತಲೆಯಿಂದ ಸಪೂರ ರಬ್ಬರ್ ಪೈಪು ಇನ್‌ಟೇಕ್ ಮ್ಯಾನಿಫೋಲ್ಡಿಗೆ ಹೋಗುತ್ತದಾ, ಬುಡದಿಂದ ಇನ್ನೊಂದು ಪೈಪು ಟ್ಯಾಂಕಿನ ಕಡೆ ಹೊರಡುತ್ತದಾ? ಹೌದಾದರೆ ಅದು ರೈಲಿನ ಒತ್ತಡವನ್ನು ಹದದಲ್ಲಿಡುವ ಪ್ರೆಶರ್ ರೆಗ್ಯುಲೇಟರ್. ನಿಮ್ಮದು ವಾಪಸ್ ಪೈಪಿನ ವ್ಯವಸ್ಥೆ. ರೈಲಿಗೆ ಒಂದೇ ಪೈಪು ಬಂದು ಇನ್ನೊಂದು ತುದಿ ಮುಚ್ಚಿದ್ದರೆ ರೆಗ್ಯುಲೇಟರ್ ಟ್ಯಾಂಕಿನೊಳಗೆ ಪಂಪಿನ ಜೊತೆ ಇರಬೇಕಾದ ವ್ಯವಸ್ಥೆ. ಇವೆರಡನ್ನು ಬೆರೆಸಬಾರದು. ಎರಡೂ ಕಡೆ ರೆಗ್ಯುಲೇಟರ್ ಇದ್ದರೆ ಒತ್ತಡ ಯಾರ ಮಾತು ಕೇಳುತ್ತದೆ ಅನ್ನೋದೇ ಗೊತ್ತಾಗುವುದಿಲ್ಲ. ಎರಡೂ ಕಡೆ ಇಲ್ಲದಿದ್ದರೆ ಪಂಪಿನ ಪೂರ್ತಿ ಒತ್ತಡ ಇಂಜೆಕ್ಟರ್ ಮೇಲೆ.

ವಾಪಸ್ ಪೈಪು ಬೇಕಾದರೆ ನಿಮ್ಮ ಹಳೆ ಯಾಂತ್ರಿಕ ಪಂಪನ್ನು ನೋಡಿ. ಅದರಲ್ಲಿ ಎರಡರ ಬದಲು ಮೂರು ಮೂತಿ ಇದ್ದರೆ ಮೂರನೆಯದು ಟ್ಯಾಂಕಿಗೆ ಹೋಗುವ ವಾಪಸ್ ದಾರಿ. ಆ ಲೋಹದ ಪೈಪು ತುಕ್ಕಿಲ್ಲದೆ ಚೆನ್ನಾಗಿದ್ದರೆ ಸಣ್ಣ ಪಂಪಿಗೆ ಸಾಕು. ಮುಂದಕ್ಕೆ ಬರುವ ಪೈಪನ್ನು ಮಾತ್ರ ಹೊಸದಾಗಿ ಸ್ಟೀಲಿನಲ್ಲಿ ಮಾಡಿಸಿ. ತಾಮ್ರ ಬೇಡ. ಅಲುಗಾಟಕ್ಕೆ ಅದು ಗಡುಸಾಗಿ ಬಿರುಕು ಬಿಡುತ್ತದೆ.

ರಬ್ಬರ್ ಪೈಪಿನ ವಿಷಯದಲ್ಲಿ ಜಿಪುಣತನ ಮಾಡಲೇಬೇಡಿ. ಕಾರ್ಬುರೇಟರ್ ಗಾಡಿಯ ಮಾಮೂಲಿ ಪೈಪಿನ ಮೈಮೇಲೆ ಎಸ್‌ಎಇ ಜೆ30 ಆರ್7 ಅಂತ ಇರುತ್ತದೆ. ಅದು ತಡೆಯುವುದು ಹೆಚ್ಚೆಂದರೆ ಸುಮಾರು ಮೂರೂವರೆ ಬಾರ್. ನಿಮ್ಮ ರೈಲಿನ ಒತ್ತಡ ಅದರ ಅಂಚಿಗೇ ಬಂತು. ಇಂಜೆಕ್ಷನ್‌ಗೆ ಬೇಕಾದ್ದು ಆರ್9. ಅದು ಇದರ ಎರಡರಷ್ಟು ತಡೆಯುತ್ತದೆ, ಎಥನಾಲಿಗೂ ಜಗ್ಗುವುದಿಲ್ಲ. ಆದರೆ ಆರ್9 ಪೈಪನ್ನು ಟ್ಯಾಂಕಿನೊಳಗೆ ಹಾಕುವಂತಿಲ್ಲ. ಅದರ ಒಳಮೈ ಮಾತ್ರ ಪೆಟ್ರೋಲಿಗೆ ಮಾಡಿದ್ದು, ಹೊರಮೈ ಮುಳುಗಿದರೆ ಉಬ್ಬಿ ಪುಡಿಯಾಗುತ್ತದೆ. ಒಳಗೆ ಮುಳುಗುವ ತುಂಡಿಗೆ ಆರ್10 ಅನ್ನುವುದೇ ಬೇಕು. ಬೆಲೆ ಜಾಸ್ತಿ, ಆದರೆ ಬೇಕಾಗುವುದು ನಾಲ್ಕು ಬೆರಳು ಉದ್ದ. ಹೊಸ ಪಂಪು ಹಾಕಿಯೂ ಒತ್ತಡ ಬರುತ್ತಿಲ್ಲ ಅಂತ ಬರುವ ಗಾಡಿಗಳಲ್ಲಿ ನಾನು ಮೊದಲು ನೋಡುವುದೇ ಈ ನಾಲ್ಕು ಬೆರಳಿನ ತುಂಡನ್ನು. ಕ್ಲಾಂಪು ಕೂಡ ಇಂಜೆಕ್ಷನ್‌ನದು, ಅಂಚು ಮಡಚಿದ್ದು. ತೂತು ತೂತಿನ ಮಾಮೂಲಿ ಕ್ಲಾಂಪು ರಬ್ಬರನ್ನು ಕೊಯ್ಯುತ್ತದೆ.

ವೈರಿಂಗ್ ನಿಮ್ಮ ಹತ್ತಿರ ಕಂಪನಿಯದೇ ಇರುವುದರಿಂದ ಹೆಚ್ಚು ಹೇಳುವುದಿಲ್ಲ. ಪಂಪಿನ ಕರೆಂಟು ಕೀಯಿಂದ ನೇರ ಬರಬಾರದು, ಇಸಿಯು ಆಡಿಸುವ ರಿಲೇಯಿಂದ ಬರಬೇಕು. ಕೀ ಆನ್ ಮಾಡಿದಾಗ ಪಂಪು ಎರಡು ಮೂರು ಸೆಕೆಂಡು ಓಡಿ ನಿಲ್ಲಬೇಕು, ಎಂಜಿನ್ ತಿರುಗಿದಾಗ ಮಾತ್ರ ಮತ್ತೆ ಓಡಬೇಕು. ಗಾಡಿ ಮಗುಚಿ ಎಂಜಿನ್ ನಿಂತಾಗ ಪಂಪು ಪೆಟ್ರೋಲ್ ಸುರಿಯುತ್ತಾ ಇರಬಾರದು ಅಂತಲೇ ಈ ವ್ಯವಸ್ಥೆ. ಕೆಲವರು ಸುಲಭ ಅಂತ ಡ್ಯಾಶ್‌ಬೋರ್ಡಿನಲ್ಲಿ ಒಂದು ಸ್ವಿಚ್ ಹಾಕಿ ನೇರ ಕೊಟ್ಟುಬಿಡುತ್ತಾರೆ. ಅದನ್ನು ಒಪ್ಪಬೇಡಿ. ಅರ್ಥ್ ವೈರು ಚಾಸಿಯ ಬಣ್ಣ ಕೆರೆದು ಬಿಗಿದಿರಲಿ. ಎಂಜಿನ್ ಓಡುವಾಗ ಬ್ಯಾಟರಿ ಮೇಲೆ ಇರುವ ವೋಲ್ಟೇಜಿಗೂ ಪಂಪಿನ ಕನೆಕ್ಟರಿನಲ್ಲಿ ಬರುವುದಕ್ಕೂ ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು.

ಕಾಗದ ಪತ್ರದ ಒಂದು ಮಾತು. ಎಂಜಿನ್ ಬದಲಾಗುತ್ತಿದೆ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಟಿಓ ಅನುಮತಿ ಬೇಕು, ಆರ್‌ಸಿಯಲ್ಲಿ ಹೊಸ ಎಂಜಿನ್ ನಂಬರ್ ಬರಬೇಕು. ಎಂಜಿನ್ ಮಾರಿದವರಿಂದ ಆ ಗಾಡಿಯ ದಾಖಲೆ ಈಗಲೇ ಇಸಿದುಕೊಳ್ಳಿ.

ಎಲ್ಲ ಕೂರಿಸಿದ ಮೇಲೆ ಪರೀಕ್ಷೆ ಮಾಡದೆ ಗಾಡಿ ತರಬೇಡಿ. ರೈಲಿಗೆ ಪ್ರೆಶರ್ ಗೇಜ್ ಹಾಕಿಸಿ. ವಾಪಸ್ ಪೈಪಿನ ವ್ಯವಸ್ಥೆ ಆಗಿದ್ದರೆ ಐಡ್ಲಿಂಗ್‌ನಲ್ಲಿ ಒತ್ತಡ 3 ಬಾರಿಗಿಂತ ಕಡಿಮೆ ತೋರಿಸಬೇಕು. ರೆಗ್ಯುಲೇಟರ್ ತಲೆಯ ವ್ಯಾಕ್ಯೂಮ್ ಪೈಪು ಕಿತ್ತರೆ 3ರ ಹತ್ತಿರ ಬರಬೇಕು. ಅದಕ್ಕಿಂತ ತುಂಬಾ ಮೇಲೆ ಹೋದರೆ ವಾಪಸ್ ದಾರಿ ಎಲ್ಲೋ ಕಟ್ಟಿದೆ. ಎಂಜಿನ್ ಆಫ್ ಮಾಡಿ ಒಂದು ನಿಮಿಷ ಬಿಟ್ಟು ನೋಡಿ, 2 ಬಾರ್ ಆಸುಪಾಸು ನಿಂತಿರಬೇಕು. ಸರ್ರನೆ ಸೊನ್ನೆಗೆ ಇಳಿದರೆ ಪಂಪಿನ ಚೆಕ್ ವಾಲ್ವ್ (ಪೆಟ್ರೋಲ್ ಹಿಂದಕ್ಕೆ ಬರದಂತೆ ತಡೆಯುವುದು) ಅಥವಾ ಒಳಗಿನ ಆ ರಬ್ಬರ್ ತುಂಡು ಸರಿಯಿಲ್ಲ. ಆಮೇಲೆ ವಾಪಸ್ ಪೈಪನ್ನು ಒಂದು ಕ್ಯಾನಿಗೆ ಬಿಟ್ಟು, ರಿಲೇ ಜಂಪ್ ಮಾಡಿ (ರಿಲೇ ಬದಲು ವೈರಿನಿಂದ ಕರೆಂಟು ಕೊಟ್ಟು) ಪಂಪನ್ನು 30 ಸೆಕೆಂಡು ಓಡಿಸಿ. ಬಯಲಿನಲ್ಲಿ, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡು. 300 ಮಿಲಿ ಬಂದರೆ ನಿಮ್ಮ 35 ಲೀಟರ್ ಲೆಕ್ಕ ಮುಟ್ಟಿತು. ಒಳ್ಳೆಯ ಹೊಸ ಪಂಪು ಅರ್ಧ ಲೀಟರ್ ಕೊಡಬೇಕು.

ಕೊನೆಯ ಪರೀಕ್ಷೆ ನಿಮ್ಮ ತೋಟದಲ್ಲೇ ಆಗಬೇಕು. ಟ್ಯಾಂಕಿನಲ್ಲಿ ಏಳೆಂಟು ಲೀಟರ್ ಮಾತ್ರ ಇರುವಾಗ, ಬಿಸಿಲು ಹೊತ್ತಿನಲ್ಲಿ, ಗೇಜನ್ನು ವೈಪರಿಗೆ ಕಟ್ಟಿಕೊಂಡು ನಿಮ್ಮ ಅತಿ ಕಡಿದಾದ ಏರು ಹತ್ತಿ. ಗೇಜಿನ ಪೈಪು ಬಾನೆಟ್ ಅಂಚಿಗೆ ಸಿಕ್ಕಿ ನಜ್ಜಾಗದಂತೆ ನೋಡಿಕೊಳ್ಳಿ. ಜೊತೆಗೆ ಒಬ್ಬರು ಕೂತು ಮುಳ್ಳು ನೋಡುತ್ತಿರಲಿ, ನಿಮ್ಮ ಕಣ್ಣು ರಸ್ತೆ ಮೇಲಿರಲಿ. ಮುಳ್ಳು ಧಡಕ್ಕನೆ ಕುಸಿಯದೆ ಇದ್ದರೆ ಪಂಪಿನ ಬಾಯಿಗೆ ಪೆಟ್ರೋಲ್ ಸಿಗುತ್ತಿದೆ ಅಂತ ಅರ್ಥ. ಕುಸಿದರೆ ಪಂಪು ಬದಲಿಸಲು ಹೋಗಬೇಡಿ. ಟ್ಯಾಂಕು ಇಳಿಸಿ, ಬಕೆಟ್ ಮತ್ತು ಜಾಲರಿ ತಳಕ್ಕೆ ತಾಗಿ ಕೂತಿವೆಯಾ ನೋಡಿ. ಟ್ಯಾಂಕು ಹುಡುಕಲು ಹೊರಡುವ ಮುಂಚೆ ರೈಲಿನ ಎರಡೂ ತುದಿಯ ಫೋಟೋ ತೆಗೆದು ಕಳಿಸಿ, ಯಾವ ಬಗೆಯ ಪಂಪು ಕೇಳಬೇಕು ಅಂತ ಹೇಳುತ್ತೇನೆ.